ದೇವರ ಮನೆಯ ರೂಟರ್

ನಾನು ಒಂದು ರೂಟರ್. ಕೆಟ್ಟುಹೋದ ರೂಟರ್. ಕೆಟ್ಟುಹೋಯಿತು ಅನ್ನುವುದು ಮನೆಯವರ ಮಾತು. ನನ್ನನ್ನು ಕೇಳಿದರೆ, ಕೊಂದರು ಅನ್ನುತ್ತೇನೆ. ಹಾಡಹಗಲಲ್ಲಿ, ದೇವರ ಎದುರಿಗೇ, ತಾಮ್ರದ ಕೊಡದಿಂದ ನೀರು ಸುರಿದು ಕೊಂದರು. ಸುರಿದವರಿಗೆ ಅದು ಕೊಲೆ ಅನ್ನಿಸಲಿಲ್ಲ, ಶುದ್ಧಿ ಅನ್ನಿಸಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಕಾಯುತ್ತ ಕೂತರೆ ಈ ಕಥೆ ಹೇಳುವುದು ಆಗುವುದೇ ಇಲ್ಲ, ಆದ್ದರಿಂದ ಸಿಟ್ಟಿನಲ್ಲೇ ಹೇಳುತ್ತೇನೆ.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಯಾವ ಊರು ಎಂದು ಗೊತ್ತಿಲ್ಲ, ನನ್ನನ್ನು ಜೋಡಿಸಿದ ಕೋಣೆಗೆ ಕಿಟಕಿಯೇ ಇರಲಿಲ್ಲ. ಕೈಗವಸು ಹಾಕಿಕೊಂಡ ಹೆಣ್ಣುಮಕ್ಕಳು ಸಾಲಾಗಿ ಕೂತು ಒಬ್ಬಳು ಹಲಗೆ ಕೂರಿಸಿದಳು, ಒಬ್ಬಳು ಸ್ಕ್ರೂ ಬಿಗಿದಳು, ಒಬ್ಬಳು ತಲೆಗೆ ಎರಡು ಕೊಂಬು ನೆಟ್ಟಳು. ಬೆನ್ನಲ್ಲಿ ತೂತುಗಳನ್ನಿಟ್ಟರು, ತಂತಿಯ ಮೂಲಕ ಬರುವವರಿಗೆ. ಕೊಂಬುಗಳು ಗಾಳಿಯ ಮೂಲಕ ಬರುವವರಿಗೆ. ಆಮೇಲೆ ನನ್ನೊಳಗೆ ಒಂದೇ ಒಂದು ಬುದ್ಧಿ ತುಂಬಿದರು: ಬಂದ ಮಾತನ್ನು ಬಂದ ಹಾಗೆ ಮುಟ್ಟಿಸು, ಯಾರದು, ಯಾಕೆ ಎಂದು ಕೇಳಬೇಡ. ಆಗ ಅದು ಒಳ್ಳೆಯ ಬುದ್ಧಿ ಅನ್ನಿಸಿತ್ತು.

ರಟ್ಟಿನ ಡಬ್ಬಿಯಲ್ಲಿ ಮಲಗಿ ಹುಬ್ಬಳ್ಳಿಯ ಒಂದು ಅಂಗಡಿಗೆ ಬಂದೆ. ಅಲ್ಲಿಂದ ನನ್ನನ್ನು ಕೊಂಡವನು ಸುಧೀಂದ್ರ. ಸಿಮೆಂಟ್ ಕಂಪನಿಯೊಂದರ ಮಾರಾಟದ ಕೆಲಸ ಅವನದು, ವಾರದಲ್ಲಿ ಬಹಳಷ್ಟು ದಿನ ಊರೂರು ತಿರುಗುತ್ತಾನೆ. ಬಾಗಲಕೋಟೆಯ ನವನಗರದಲ್ಲಿ ಹೊಸ ಮನೆ ಕಟ್ಟಿಸಿದ್ದ. ಎಲ್ಲಿದ್ದರೂ ಮನೆ ತನ್ನ ಅಂಗೈಯಲ್ಲಿರಬೇಕು ಅನ್ನುವುದು ಅವನ ಹುಚ್ಚು. ಮನೆಯಲ್ಲಿರಬೇಕಾದವನು ತಾನು ಅನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಆ ಮನೆಯಲ್ಲಿ ನನ್ನ ಸಂಸಾರ ದೊಡ್ಡದು. ಟಿವಿ, ಗೇಟಿನ ಕ್ಯಾಮೆರಾ, ಅಡುಗೆ ಮನೆಯ ಗೋಡೆಯ ಕರೆಗಂಟೆ, ಇವರೆಲ್ಲ ತಂತಿಯವರು. ಗೋಡೆಯೊಳಗಿನ ಪೈಪಿನಲ್ಲಿ ತೂರಿ ಬಂದು ನನ್ನ ಬೆನ್ನಿಗೆ ಅಂಟಿಕೊಂಡವರು, ಗಟ್ಟಿ ಜನ, ಸುಲಭಕ್ಕೆ ಮಾತು ತಪ್ಪುವವರಲ್ಲ. ಬಲ್ಬು, ಫ್ಯಾನು, ಗೀಸರಿನ ಪ್ಲಗ್ಗು, ಇವರೆಲ್ಲ ಗಾಳಿಯವರು. ಬಾಗಿಲು ಮುಚ್ಚಿದರೆ ಸಾಕು, ದನಿ ಸಣ್ಣದಾಗುವಂಥವರು. ತಂತಿಯವರಿಗೆ ಗಾಳಿಯವರ ಮಾತು ತಿಳಿಯದು, ಗಾಳಿಯವರಿಗೆ ತಂತಿಯವರದು ತಿಳಿಯದು. ನಡುವೆ ಕೂತು ಇವರದನ್ನು ಅವರಿಗೆ, ಅವರದನ್ನು ಇವರಿಗೆ ಹೇಳುವವನು ನಾನು. ನಾನಿಲ್ಲದಿದ್ದರೆ ಅವರು ಒಂದೇ ಸೂರಿನ ಕೆಳಗಿನ ಅಪರಿಚಿತರು.

ಇಷ್ಟೆಲ್ಲದರಲ್ಲಿ ಒಂದು ಮಾತ್ರ ಷೋಕಿಗೆ ಇಟ್ಟದ್ದಾಗಿರಲಿಲ್ಲ. ಅದು ಬಿಂದುಮಾಧವ ಮಾಸ್ತರರ ಕೈಯಲ್ಲಿದ್ದ ಗುಂಡಿ.

ಮಾಸ್ತರರು ಸುಧೀಂದ್ರನ ತಂದೆ. ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಅವರು ಮೈದಾನದಲ್ಲಿ ನಿಂತು ‘ಸಾವಧಾನ್’ ಎಂದರೆ ರಸ್ತೆಯಲ್ಲಿ ಹೋಗುವವರೂ ನೆಟ್ಟಗಾಗುತ್ತಿದ್ದರಂತೆ. ಲಕವಾ ಹೊಡೆದು ಬಲ ಮಗ್ಗುಲು ಬಿದ್ದುಹೋಯಿತು, ಜೊತೆಗೆ ನಾಲಿಗೆಯೂ ಹೋಯಿತು. ಈಗ ಗಂಟಲಿನಿಂದ ಬರುವುದು ಉಸಿರಿನಷ್ಟೇ ಸಣ್ಣ ಗೊರಗೊರ. ಪಕ್ಕದ ಕೋಣೆಗೂ ಕೇಳದು. ಆದ್ದರಿಂದ ಅವರ ಎಡಗೈಗೆ ಒಂದು ಗುಂಡಿ ಕೊಟ್ಟಿದ್ದರು. ಒತ್ತಿದರೆ ಅಡುಗೆ ಮನೆಯ ಗಂಟೆ ಬಾರಿಸಬೇಕು. ಗುಂಡಿ ಗಾಳಿಯದು, ಗಂಟೆ ತಂತಿಯದು. ನಡುವೆ ನಾನು. ಸರಿಯಾಗಿ ಹೇಳಬೇಕೆಂದರೆ ಆ ಮನುಷ್ಯನ ದನಿ ನಾನು.

ಆ ದನಿಯನ್ನು ಎಲ್ಲಿಟ್ಟರು, ಕೇಳಿ.

ಜೋಡಿಸಲು ಬಂದ ಹುಡುಗ ಮೌನೇಶ ಎಲ್ಲ ತಂತಿಗಳನ್ನೂ ಹಾಲಿನ ಮೂಲೆಗೆ ತರುವ ಲೆಕ್ಕ ಹಾಕಿದ್ದ. ಸುಧೀಂದ್ರನ ತಾಯಿ ಅಂಬಾಬಾಯಿ ಅಲ್ಲೇ ನಿಂತು ನೋಡುತ್ತಿದ್ದರು. ಮಗ ಹೆಮ್ಮೆಯಿಂದ ಹೇಳಿದ: “ಅವ್ವಾ, ಇಡೀ ಮನಿ ನಡಸೂದು ಈ ಪೆಟಗಿ. ಇದು ನಿಂತರ ಎಲ್ಲಾ ನಿಂತಂಗ.”

“ಹಂಗಿದ್ದರ ಅದು ದೇವರ ಹತ್ರ ಇರಲಿ,” ಅಂದರು ಅಂಬಾಬಾಯಿ. “ಹಾಲಿನೊಳಗ ಇಟ್ಟರ ಬಂದವರೆಲ್ಲಾ ಮುಟ್ಟತಾರ. ಆ ದಿನದೊಳಗ ಪದ್ಮಾನೂ ಮುಟ್ಟತಾಳ.”

ಪದ್ಮಾ ಅಂದರೆ ಪದ್ಮಜಾ, ಸುಧೀಂದ್ರನ ಹೆಂಡತಿ. ಆ ದಿನ ಅಂದರೆ ತಿಂಗಳಲ್ಲಿ ಅವಳು ಹಿತ್ತಲಿನ ಕಡೆಯ ಕೋಣೆಯಲ್ಲಿ, ಬೇರೆ ಚಾಪೆ ಬೇರೆ ತಾಟು ಇಟ್ಟುಕೊಂಡು ಹೊರಗೆ ಕೂಡುವ ದಿನ. ಅಡುಗೆ ಮನೆಗೆ ಕಾಲಿಡುವ ಹಾಗಿಲ್ಲ, ಮಾವನವರನ್ನು ಮುಟ್ಟುವ ಹಾಗಿಲ್ಲ, ದೇವರ ಮನೆಯ ಕಡೆ ನೆರಳೂ ಬೀಳುವ ಹಾಗಿಲ್ಲ.

ಮೌನೇಶ ತಲೆ ಕೆರೆದುಕೊಂಡ. “ಸರ, ಅಲ್ಲಿ ದೀಪ, ಹೊಗಿ, ನೀರು ಎಲ್ಲಾ ಇರತಾವರೀ. ಇದಕ್ಕ ಗಾಳಿ ಬೇಕಾಗತೈತಿ. ಒಮ್ಮೊಮ್ಮೆ ಹ್ಯಾಂಗ್ ಆತಂದ್ರ ಯಾರಾರ ಪ್ಲಗ್ ತಗದು ಹಾಕಬೇಕಾಗತೈತಿ.”

“ಅವ್ವನ ಸಮಾಧಾನಕ್ಕ ಅಲ್ಲೇ ಇಡಪಾ,” ಅಂದ ಸುಧೀಂದ್ರ.

ಹೀಗೆ ನನ್ನ ಹಣೆಬರಹ ತೀರ್ಮಾನವಾಯಿತು. ಅಂಬಾಬಾಯಿಯ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ಸುಧೀಂದ್ರನನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಅವರು ನಂಬಿದ್ದನ್ನು ಮಾಡಿದರು. ಇವನು ನಂಬುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ. ‘ಅವ್ವನ ಸಮಾಧಾನ’ ಎಂದು ಕೈ ತೊಳೆದುಕೊಂಡು ಟೂರಿಗೆ ಹೋಗಿಬಿಡುತ್ತಾನೆ. ಹೋಗುವ ಮುಂಚೆ ದೇವರ ಮನೆಗೂ ಒಂದು ಕ್ಯಾಮೆರಾ ಹಾಕಿಸಿದ, ಲಾಡ್ಜಿನಲ್ಲಿ ಹಲ್ಲುಜ್ಜುತ್ತಲೇ ದರ್ಶನ ಮಾಡಲಿಕ್ಕೆ. ಒಳಗೆ ಯಾರಾದರೂ ಅಲ್ಲಾಡಿದರೆ ಅದರ ಚಿತ್ರ ಅವನ ಫೋನಿಗೂ ತಾಯಿಯ ಫೋನಿಗೂ ಹೋಗಬೇಕು ಎಂದು ನನಗೆ ಅಪ್ಪಣೆ.

ದೇವರ ಮನೆಯ ಕಪಾಟಿನಲ್ಲಿ ನನ್ನ ಬದುಕು ಶುರುವಾಯಿತು. ಮೊದಲ ದಿನವೇ ನೆತ್ತಿಗೆ ಕುಂಕುಮ. ಗಾಳಿಯಾಡುವ ಸೀಳುಗಳ ಮೇಲೆ ದಾಸವಾಳದ ಹೂ. ಮಗ್ಗುಲಲ್ಲೇ ನಂದಾದೀಪ, ಹಗಲೂ ರಾತ್ರಿ ಕಾವು. ಊದಿನಕಡ್ಡಿಯ ಬೂದಿ ನನ್ನ ಹೊಟ್ಟೆಗೇ ಉದುರುತ್ತಿತ್ತು. ಕರ್ಪೂರದ ಮಸಿ ಕೊಂಬಿಗೆ ಹತ್ತಿತು. ಆಯುಧ ಪೂಜೆಯ ದಿನ ನನ್ನ ಎದುರಿಗೆ ಬೂದುಗುಂಬಳಕಾಯಿ ಒಡೆದು ಅದರ ಬೀಜ ಬೆನ್ನಿನ ತೂತಿಗೆ ಸಿಡಿಯಿತು. ಪೂಜೆ ಮಾಡಿಸಿಕೊಂಡು ಉಸಿರುಗಟ್ಟುವುದು ಅಂದರೆ ಏನು ಎಂದು ನನ್ನನ್ನು ಕೇಳಬೇಕು. ಕೈ ಮುಗಿಯುವವರೇ ಮೂಗು ಮುಚ್ಚುತ್ತಿದ್ದರು.

ಉಸಿರುಗಟ್ಟಿದಾಗ ನಾನು ನಿಂತುಬಿಡುತ್ತೇನೆ. ನಿಮ್ಮ ಮಾತಿನಲ್ಲಿ ಹ್ಯಾಂಗ್. ಹೊರಗೆ ಕೆಂಪು ದೀಪ. ಕಿವಿ ಕೇಳುತ್ತಿರುತ್ತದೆ, ಕೈಕಾಲು ಆಡುವುದಿಲ್ಲ. ಆಗ ಬರುವವಳು ಪದ್ಮಜಾ. ಹೂ ತೆಗೆದು, ಸೆರಗಿನಿಂದ ಬೂದಿ ಒರೆಸಿ, ಉಫ್ ಎಂದು ಊದಿ, ಪ್ಲಗ್ ತೆಗೆದು ಹಾಕುತ್ತಿದ್ದಳು. ಆ ಮನೆಯಲ್ಲಿ ನನಗೆ ಗಾಳಿ ಬೇಕು ಎಂದು ಗೊತ್ತಿದ್ದವಳು ಅವಳೊಬ್ಬಳೇ. ನನ್ನ ದೀಪ ಹಸಿರಾಗುವ ತನಕ ನಿಂತು, ಆಮೇಲೆ ಮಾವನವರ ಕೋಣೆಗೆ ಹೋಗಿ “ಒಮ್ಮೆ ಒತ್ತಿ ನೋಡ್ರಿ” ಅನ್ನುತ್ತಿದ್ದಳು. ಅವರು ಒತ್ತುತ್ತಿದ್ದರು, ಗಂಟೆ ಬಾರಿಸುತ್ತಿತ್ತು, ಇಬ್ಬರೂ ನಗುತ್ತಿದ್ದರು. ಮಾಸ್ತರರದು ಅರ್ಧ ಮುಖದ ನಗು.

ಅವರಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಒಂದು ಸಲ ಒತ್ತಿದರೆ ನೀರು. ಎರಡು ಸಲ ಒತ್ತಿದರೆ ಬೆಡ್‌ಪ್ಯಾನು. ಮೂರು ಸಲ ಒತ್ತಿದರೆ ಏನೂ ಬೇಡ, ಸುಮ್ಮನೆ ಬಂದು ಕೂಡು ಎಂದು. ಮಧ್ಯಾಹ್ನ ಹೆಚ್ಚಾಗಿ ಮೂರು ಸಲವೇ ಬರುತ್ತಿತ್ತು. ಅವಳು ಹೋಗಿ ಪೇಪರಿನ ಕ್ರಿಕೆಟ್ ಸುದ್ದಿ ಓದಿ ಹೇಳುತ್ತಿದ್ದಳು. ಆ ಮೂರು ಒತ್ತುಗಳನ್ನು ಒಯ್ಯುವಾಗ ಮಾತ್ರ ನನಗೆ ಹುಟ್ಟಿದ್ದು ಸಾರ್ಥಕ ಅನ್ನಿಸುತ್ತಿತ್ತು.

ಆದರೆ ಆ ದಿನಗಳಲ್ಲಿ? ಆ ದಿನಗಳಲ್ಲಿ ನಾನು ನಿಂತರೆ ಅಂಬಾಬಾಯಿಯೇ ಬರಬೇಕು. ಅವರು ಸುಮ್ಮನೆ ಬರುವವರಲ್ಲ. ಸ್ನಾನ ಆಗಬೇಕು, ಮಡಿ ಸೀರೆ ಉಡಬೇಕು, ಕೈಯಲ್ಲಿದ್ದ ಅಡುಗೆ ಮುಗಿಯಬೇಕು, ನೈವೇದ್ಯ ಆಗಬೇಕು, ಆಮೇಲೆ ನನ್ನ ಪಾಳಿ. ಅಷ್ಟು ಹೊತ್ತೂ ಮಾಸ್ತರರು ಒತ್ತಿದ್ದೆಲ್ಲ ನನ್ನ ಬಾಗಿಲಿಗೆ ಬಂದು ಬಡಿದು ಸಾಯುತ್ತಿತ್ತು. ಒಂದು ಸಲ ಅವರು ಹಾಸಿಗೆ ಒದ್ದೆ ಮಾಡಿಕೊಂಡು, ಒಂದು ಕಾಲದ ಡ್ರಿಲ್ ಮಾಸ್ತರ, ಗೋಡೆಯ ಕಡೆ ಮುಖ ಮಾಡಿ ಅತ್ತರು.

ಅಂಬಾಬಾಯಿಗೆ ಗಂಡನ ಮೇಲೆ ಪ್ರೀತಿ ಇರಲಿಲ್ಲ ಅನ್ನಲಾರೆ. ದಿನಾ ಬೆಳಿಗ್ಗೆ ಬಿದ್ದುಹೋದ ಆ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಗಂಜಿಯನ್ನು ಚಮಚೆ ಚಮಚೆಯಾಗಿ ಬಾಯಿಗೆ ಬಿಡುತ್ತಿದ್ದರು. ನಂದಾದೀಪ ಒಂದು ದಿನವೂ ಆರದೆ ಇರುವುದರಿಂದಲೇ ಅವರ ಉಸಿರು ನಿಂತಿಲ್ಲ ಎಂದು ಗಟ್ಟಿಯಾಗಿ ನಂಬಿದ್ದರು. ಅದೇ ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸುವುದು.

ಪದ್ಮಜಾ ಗಂಡನಿಗೆ ಹೇಳಿ ನೋಡಿದಳು. “ಪೆಟಗಿ ಹಾಲಿಗೆ ತರಸ್ರಿ. ನಾ ಹೊರಗ ಕೂತಾಗ ಅದು ನಿಂತರ ಮಾವನವರ ಗತಿ ಏನು?”

“ತಿಂಗಳಿಗೆ ಮೂರು ದಿನದ ಮಾತು,” ಅಂದ ಅವನು, ಫೋನಿನಿಂದ ಕಣ್ಣು ತೆಗೆಯದೆ. “ಅಷ್ಟಕ್ಕ ಹೊಸ ಮನಿ ಗ್ವಾಡಿ ಒಡಸಲೇನು?”

ಗೋಡೆಗೆ ಇದ್ದ ಬೆಲೆ ತಂದೆಗೆ ಇರಲಿಲ್ಲ ಅನ್ನೋಣ.

ನಾನು ಸತ್ತ ದಿನ ಮಠದಲ್ಲಿ ಆರಾಧನೆ. ಪದ್ಮಜಾ ಹಿತ್ತಲ ಕೋಣೆಯಲ್ಲಿದ್ದಳು. ಅಂಬಾಬಾಯಿ ಗಂಡನಿಗೆ ಗಂಜಿ ಕುಡಿಸಿ, ಮಲಗಿಸಿ, ಮಠದ ಊಟಕ್ಕೆ ಹೊರಟರು. ಹೊರಡುವಾಗ ಸೊಸೆಗೆ ದೂರದಿಂದಲೇ ಹೇಳಿದರು: “ಗಂಟಿ ಬಾರಿಸಿದರ ಬಾಜೂ ಮನಿಯವರನ್ನ ಕರಿ. ನೀ ಒಳಗ ಹೋಗಬ್ಯಾಡ.”

ಹಬ್ಬದ ದಿನವೆಂದು ನನ್ನ ಮೇಲೆ ದುಪ್ಪಟ್ಟು ಹೂ, ಎದುರಿಗೆ ಕಟ್ಟುಗಟ್ಟಲೆ ಊದಿನಕಡ್ಡಿ. ಹೊರಗೆ ಬಿರುಬಿಸಿಲು. ಕರೆಂಟು ಒಮ್ಮೆ ಹೋಗಿ ಒಮ್ಮೆ ಬಂತು. ನನ್ನಿಂದ ಆಗಲಿಲ್ಲ, ನಿಂತುಬಿಟ್ಟೆ.

ಪದ್ಮಜಾ ಸ್ವಲ್ಪ ಮೊದಲಷ್ಟೇ ತನ್ನ ಕೋಣೆಗೂ ಮಾವನವರ ಕೋಣೆಗೂ ನಡುವಿನ ಓಣಿಯಲ್ಲಿ ನಿಂತು, ಕಿಟಕಿಯಿಂದ ಇಣುಕಿ, ಅವರು ನಿದ್ದೆಯಲ್ಲಿರುವುದನ್ನು ನೋಡಿ ಹೋಗಿದ್ದಳು. ಕೋಣೆಗೆ ಬಂದು ಫೋನ್ ತೆಗೆದರೆ ಮನೆಯ ನೆಟ್ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಬೈದುಕೊಂಡು ಫೋನ್ ಕೆಳಗಿಡುತ್ತಿದ್ದರು. ಇವಳಿಗೆ ಮೊದಲು ಗಂಟೆಯ ನೆನಪಾಯಿತು. ಹಾಲಿನ ತುದಿಯ ತನಕ ಬಂದು ದೇವರ ಮನೆಯ ಹೊಸ್ತಿಲಿನ ಆಚೆ ನಿಂತಳು. ನನ್ನ ಕೆಂಪು ದೀಪ ಕಂಡಿತು. ಅಲ್ಲೇ ನಿಂತು ಅತ್ತೆಗೆ ಫೋನ್ ಮಾಡಿದಳು.

“ಅತ್ಯಾ, ಪೆಟಗಿ ಬಂದ್ ಬಿದ್ದದ. ಮಾವನವರು ಒತ್ತಿದರ ಗಂಟಿ ಬಾರಿಸಂಗಿಲ್ಲ. ಒಮ್ಮೆ ಪ್ಲಗ್ ತಗದು ಹಾಕಲೇನು?”

“ಇಲ್ಲೆ ಎಲಿ ಹಾಕ್ಯಾರ. ಊಟಾ ಮುಗಿಸಿ ಬಂದು ನಾ ಹಾಕತೀನಿ.”

“ಅಷ್ಟೊತ್ತನಾ ಅವರಿಗೆ ಏನರೆ ಬೇಕಾದರ?”

“ಈಗಷ್ಟ ಗಂಜಿ ಕುಡಿಸಿ ಮಲಗಿಸೇನಿ. ಏನೂ ಬೇಕಾಗಂಗಿಲ್ಲ. ನೀ ಹೊಸ್ತಿಲಾ ದಾಟಬ್ಯಾಡ, ಹೇಳಿರತೀನಿ.”

ಆ ಮಾತು ಮುಗಿಯುವ ಮೊದಲೇ ಗುಂಡಿಯ ಒಂದು ಒತ್ತು ನನ್ನ ಬಾಗಿಲಿಗೆ ಬಂದು ಬಡಿದಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ಒಂದು, ಎರಡು, ಮೂರು ಅನ್ನುವ ಒಪ್ಪಂದವೇ ಇಲ್ಲ, ಸಿಕ್ಕಾಪಟ್ಟೆ ಒತ್ತು. ಕುಡಿದ ಗಂಜಿ ಮೇಲಕ್ಕೆ ಬಂದು ಮಾಸ್ತರರ ಗಂಟಲಿಗೆ ಸಿಕ್ಕಿಕೊಂಡಿತ್ತು. ನನಗೆ ಅದು ಗೊತ್ತಿಲ್ಲ, ಒತ್ತು ಮಾತ್ರ ಗೊತ್ತು. ಎರಡು ಮಾರು ದೂರದಲ್ಲಿ ಪದ್ಮಜಾ ನಿಂತಿದ್ದಾಳೆ. ಅವಳಿಗೆ ಹೇಳಲಾರೆ. ಗೋಡೆಯಾಚೆ ಗಂಟೆ ಇದೆ. ಅದಕ್ಕೆ ಮುಟ್ಟಿಸಲಾರೆ. ಹೊಟ್ಟೆಯ ತುಂಬ ಬೂದಿ, ತಲೆಯ ತುಂಬ ಹೂ. ಆ ಹೊತ್ತಿನ ಸಿಟ್ಟನ್ನು ಹೇಳಲಿಕ್ಕೆ ನನಗೆ ಈಗಲೂ ಮಾತು ಸಾಲದು.

ಪದ್ಮಜಾ ಫೋನ್ ಹಿಡಿದುಕೊಂಡು ಹೊಸ್ತಿಲನ್ನೇ ನೋಡುತ್ತಿದ್ದಳು. ಅದರ ಮೇಲೆ ಬೆಳಿಗ್ಗೆ ಹಚ್ಚಿದ ಅರಿಷಿಣ, ಎಳೆದ ರಂಗೋಲಿ. ಮದುವೆಯಾಗಿ ಬಂದಾಗಿನಿಂದ ಆ ದಿನಗಳಲ್ಲಿ ಒಮ್ಮೆಯೂ ಆ ಗೆರೆ ದಾಟಿದವಳಲ್ಲ. ತವರಿನಲ್ಲೂ ಹಾಗೇ ಬೆಳೆದವಳು. ನಿಜಕ್ಕೂ ಹೆದರಿದ್ದಳು, ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದಳು.

ಹೂ ಕಿತ್ತೆಸೆದಳು. ಪ್ಲಗ್ ತೆಗೆದಳು, ಹಾಕಿದಳು. ನಾನು ಏಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತೂ ಅವಳು ನನ್ನ ಎದುರಿಗೇ ನಿಂತಿದ್ದಳು, ದೇವರ ಕಡೆ ತಿರುಗಿಯೂ ನೋಡಲಿಲ್ಲ. ದೀಪ ಹಸಿರಾಯಿತು. ಮರುಕ್ಷಣ ಅಡುಗೆ ಮನೆಯ ಗಂಟೆ ಅರಚಿಕೊಂಡಿತು. ನಿಲ್ಲಲೇ ಇಲ್ಲ.

ಅವಳು ಓಡಿದಳು. ಮಾಸ್ತರರು ಅರ್ಧ ಮೈ ಮಂಚದಿಂದ ಜಾರಿ, ಮುಖ ಕಪ್ಪಿಟ್ಟು, ಗುಂಡಿಯನ್ನು ಮಾತ್ರ ಬಿಡದೆ ಒತ್ತುತ್ತಿದ್ದರು. ಅವಳು ಅವರನ್ನು ತಬ್ಬಿ ಎತ್ತಿ ಮಗ್ಗುಲಿಗೆ ಹೊರಳಿಸಿದಳು. ಬಾಯಿಗೆ ಬೆರಳು ಹಾಕಿ ತೆಗೆದಳು, ಬೆನ್ನು ಗುದ್ದಿದಳು. ಉಸಿರು ಬಂತು. ಬಾಜೂ ಮನೆಯವರು ಕರೆತಂದ ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ, ಇನ್ನೊಂದು ಚೂರು ತಡವಾಗಿದ್ದರೆ ಕಷ್ಟವಿತ್ತು ಎಂದರು.

ಆದರೆ ನಾನು ಎದ್ದಾಗ ಗಂಟೆಯೊಂದೇ ಏಳಲಿಲ್ಲ. ದೇವರ ಮನೆಯ ಕ್ಯಾಮೆರಾವೂ ಕಣ್ಣು ಬಿಟ್ಟಿತು. ಅದು ಮೊದಲು ಕಂಡದ್ದು ಹೊಸ್ತಿಲು ದಾಟಿ ಓಡುತ್ತಿದ್ದ ಪದ್ಮಜಳ ಬೆನ್ನು. ಒಳಗೆ ಯಾರೋ ಅಲ್ಲಾಡಿದರು ಎಂದು ಆ ಚಿತ್ರವನ್ನು ನನ್ನ ಕೈಗೆ ಹಾಕಿತು. ಬಂದ ಮಾತನ್ನು ಬಂದ ಹಾಗೆ ಮುಟ್ಟಿಸು. ಚಿತ್ರ ಮಠದಲ್ಲಿ ಎಲೆಯ ಮುಂದೆ ಕೂತಿದ್ದ ಅಂಬಾಬಾಯಿಯ ಫೋನಿಗೂ ಹೋಯಿತು, ಎಲ್ಲೋ ಲಾಡ್ಜಿನಲ್ಲಿದ್ದ ಸುಧೀಂದ್ರನ ಫೋನಿಗೂ ಹೋಯಿತು. ಮಾಸ್ತರರ ಕಪ್ಪಿಟ್ಟ ಮುಖ ಮಾತ್ರ ಯಾರಿಗೂ ಹೋಗಲಿಲ್ಲ, ಅವರ ಕೋಣೆಗೆ ಕ್ಯಾಮೆರಾ ಹಾಕಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಕಾಯಬೇಕಾದದ್ದು ಕಪಾಟನ್ನು, ಮನುಷ್ಯನನ್ನಲ್ಲ ಎಂದು ಮನೆ ಕಟ್ಟುವಾಗಲೇ ತೀರ್ಮಾನಿಸಿದ್ದರಲ್ಲ.

ಅಂಬಾಬಾಯಿ ಊಟ ಬಿಟ್ಟು ಆಟೋದಲ್ಲಿ ಬಂದರು. ಗಂಡನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರು. ಮಾಸ್ತರರು ದಿಂಬಿಗೆ ಒರಗಿ ಉಸಿರಾಡುತ್ತಿದ್ದರು. ಪದ್ಮಜಾ ಅವರ ಬಾಯಿ ಒರೆಸುತ್ತಿದ್ದಳು.

“ಗಂಜಿ ಗಂಟಲಿಗೆ ಸಿಕ್ಕೊಂಡಿತ್ತು, ಅತ್ಯಾ.”

“ನಾ ಬ್ಯಾಡ ಅಂದಿದ್ದೆ,” ಅಂದರು ಅಂಬಾಬಾಯಿ.

ಆಮೇಲೆ ಅಲ್ಲಿಂದಲೇ ದೇವರ ಮನೆಯ ಕಡೆ ತಿರುಗಿ ಕೈ ಮುಗಿದರು. “ದೇವರು ದೊಡ್ಡಾಂವ. ಉಳಿಸಿದ.”

ಉಳಿಸಿದವನು ದೇವರು, ಮೈಲಿಗೆ ಮಾಡಿದವಳು ಸೊಸೆ. ಒಂದೇ ಕೆಲಸವನ್ನು ಹೀಗೆ ಎರಡು ಪಾಲು ಮಾಡಿ, ಪುಣ್ಯವನ್ನು ಒಬ್ಬರಿಗೆ, ಪಾಪವನ್ನು ಇನ್ನೊಬ್ಬರಿಗೆ ಹಂಚಿದ್ದನ್ನು ನಾನು ಕಿವಿಯಾರೆ ಕೇಳಿದೆ. ದೇವರೇನಾದರೂ ನನ್ನ ಹಾಗೆ ಅಲ್ಲೇ ಕೂತು ಕೇಳಿಸಿಕೊಂಡಿದ್ದರೆ ಅವನಿಗೂ ನಾಚಿಕೆಯಾಗಿರಬೇಕು.

ಅವರು ಮತ್ತೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಂದು ದೇವರ ಮನೆ ತೊಳೆಯಲು ನಿಂತರು. ಗೋಮೂತ್ರ ಚಿಮುಕಿಸಿದರು. ಬಾವಿಯ ನೀರು ತುಂಬಿದ ತಾಮ್ರದ ಕೊಡ ಎತ್ತಿ, ಮಂತ್ರ ಹೇಳುತ್ತ, ಕಪಾಟಿನ ಮೇಲಿನಿಂದ ಸುರಿದರು. ಅವಳು ಮುಟ್ಟಿದ್ದು ನನ್ನನ್ನು, ಆದ್ದರಿಂದ ನನ್ನ ಮೇಲೆಯೇ ಹೆಚ್ಚು ಸುರಿದರು. ಬೆನ್ನಿನ ಒಂದೊಂದು ತೂತಿಗೂ ನೀರು ನುಗ್ಗಿತು. ಫಟ್ ಎಂದಿತು. ಮೇನ್ ಸ್ವಿಚ್ಚು ಬಿದ್ದು ಮನೆಯ ಫ್ಯಾನುಗಳೆಲ್ಲ ನಿಂತವು. ಅಂಬಾಬಾಯಿಗೆ ಏನೂ ಆಗಲಿಲ್ಲ, ಅದೊಂದು ಪುಣ್ಯ. ನಾನು ಅಲ್ಲಿಗೆ ಮುಗಿದೆ. ಸುಟ್ಟ ವಾಸನೆ ಬಂದಾಗ ಅವರು ಇನ್ನಷ್ಟು ಕರ್ಪೂರ ಹಚ್ಚಿದರು.

ಆಮೇಲೆ ನನ್ನನ್ನು ಬಾಳೆ ಎಲೆಯ ತುಂಡಿನಿಂದ ಹಿಡಿದೆತ್ತಿ ಹಿತ್ತಲ ಕೋಣೆಯ ಗೂಡಿನಲ್ಲಿಟ್ಟರು. ನಾನೂ ಮೈಲಿಗೆ. ಅಲ್ಲಿ ಪದ್ಮಜಳ ಚಾಪೆ, ಅವಳ ಬೇರೆ ತಾಟು, ಪಕ್ಕದಲ್ಲಿ ನಾನು. ಪೂಜೆ ಮಾಡಿಸಿಕೊಳ್ಳುತ್ತಿದ್ದವನು ಹೊರಗೆ ಕೂತವರ ಸಾಲಿಗೆ ಸೇರಿದೆ. ನಿಜ ಹೇಳುತ್ತೇನೆ, ಅಲ್ಲಿ ಗಾಳಿ ಚೆನ್ನಾಗಿತ್ತು.

ಸಂಜೆ ಸುಧೀಂದ್ರ ಫೋನ್ ಮಾಡಿದ. ನನ್ನ ಎದುರಿಗೇ ಅವಳು ಮಾತಾಡಿದಳು.

“ಅವ್ವ ಎಲಿ ಮುಂದಿಂದ ಎದ್ದು ಬಂದಾಳ, ಗೊತ್ತದ ಏನು ನಿನಗ?” ಅವನ ದನಿ ಹೊರಗೆ ಕೇಳುತ್ತಿತ್ತು.

“ಮೊದಲ ಮಾವನವರು ಹ್ಯಾಂಗಿದ್ದಾರ ಅಂತ ಕೇಳ್ರಿ.”

“ಆರಾಮ ಇದ್ದಾರಂತ ಅವ್ವ ಹೇಳಿದಳು. ಅಲ್ಲಾ, ಬಾಜೂದವರನ್ನ ಕರದು ಪ್ಲಗ್ ಹಾಕಸಲಿಕ್ಕೆ ಬರತಿತ್ತಿಲ್ಲೊ? ನೀನ ಹೋಗಬೇಕಿತ್ತೇನು?”

ಅವಳು ಫೋನ್ ಇಟ್ಟು, ಚಾಪೆ ಸುತ್ತಿಕೊಂಡು ಹೋಗಿ ಮಾವನವರ ಕೋಣೆಯ ಬಾಗಿಲಲ್ಲಿ ಹಾಸಿಕೊಂಡಳು. ಗುಂಡಿ ಸತ್ತಿದೆ, ಗಂಟೆ ಸತ್ತಿದೆ, ಇನ್ನು ಕಿವಿಯೇ ಗತಿ. ಅಂಬಾಬಾಯಿ ಬಂದು “ಈಗಷ್ಟ ಸ್ನಾನಾ ಮಾಡಿಸೇನಿ, ಅವರು ಮಡಿಯೊಳಗ ಇದ್ದಾರ, ದೂರ ಸರಿ” ಅಂದರು. ಆಗ ಮಾಸ್ತರರು ಎಡಗೈ ಚಾಚಿ ಸೊಸೆಯ ಮುಂಗೈ ಹಿಡಿದುಕೊಂಡರು. ಬಿಡಲಿಲ್ಲ. ಹೆಂಡತಿಯ ಮುಖ ನೋಡುತ್ತಲೇ ಹಿಡಿದಿದ್ದರು. ಈಗ ಅವರೂ ಮೈಲಿಗೆ. ಮಡಿಯಲ್ಲಿದ್ದ ಅಂಬಾಬಾಯಿ ಗಂಡನನ್ನು ಮುಟ್ಟುವ ಹಾಗಿಲ್ಲದೆ ಅಲ್ಲೇ ನಿಂತರು, ಸ್ವಲ್ಪ ಹೊತ್ತಿಗೆ ಒಳಗೆ ಹೋದರು.

ನೋಡಲಿಕ್ಕೆ ಬಂದವರಿಗೆಲ್ಲ ಮನೆಯಲ್ಲಿ ಹೇಳಿದ್ದು ಒಂದೇ ಮಾತು: ಆ ಪೆಟ್ಟಿಗೆ ಕೈಕೊಟ್ಟಿತು, ಯಂತ್ರವನ್ನು ನಂಬಬಾರದು. ಬಂದವರು ಹೌದು ಹೌದು ಅಂದರು, ಚಹಾ ಕುಡಿದರು. ಬೂದಿ ತುಂಬಿದವರು ಯಾರು, ಪ್ಲಗ್ ಮುಟ್ಟಬೇಡ ಅಂದವರು ಯಾರು, ನೀರು ಸುರಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಸೇರಿ ನನ್ನ ತಲೆಯ ಮೇಲೆ ಗೂಬೆ ಕೂರಿಸಿದರು. ಬಾಯಿಲ್ಲದವರ ಮೇಲೆ ಕೂರಿಸುವುದು ಸುಲಭ.

ವಾರದ ಕೊನೆಗೆ ಸುಧೀಂದ್ರ ಹೊಸ ರೂಟರಿನೊಂದಿಗೆ ಬಂದ. ನನಗಿಂತ ದೊಡ್ಡದು, ನಾಲ್ಕು ಕೊಂಬಿನದು. ಮೌನೇಶನೂ ಬಂದ. ನನ್ನನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, “ನೀರ ಹೊಕ್ಕೈತಿ, ಗುಜರಿಗೆ ಹಾಕ್ರಿ” ಅಂದು ಮತ್ತೆ ಗೂಡಿನಲ್ಲಿಟ್ಟ. ಆಮೇಲೆ ಹಾಲಿನ ಮಾತು ಎತ್ತಿದ. ಸುಧೀಂದ್ರ ಅವನನ್ನು ಅರ್ಧಕ್ಕೇ ತಡೆದ. “ಬ್ಯಾಡ, ಅಲ್ಲೇ ಇರಲಿ. ಈ ಸಲ ಕಾಜಿನ ಬಾಗಲಾ ಕೂಡಸೋಣ. ನೀರು ಬಿದ್ದರೂ ಏನೂ ಆಗಬಾರದು.”

ಇಷ್ಟೆಲ್ಲ ಆದ ಮೇಲೆ ಅವನು ಕಲಿತದ್ದು ಅಷ್ಟು. ತಂದೆಯ ಉಸಿರು ನಿಲ್ಲುವುದರಲ್ಲಿತ್ತು, ಮಗನಿಗೆ ನೀರಿನ ಚಿಂತೆ.

ಹಿತ್ತಲ ಕೋಣೆಯ ಕಿಟಕಿಯಿಂದ ಓಣಿಯಾಚೆ ಮಾಸ್ತರರ ಮಂಚ ಕಾಣುತ್ತದೆ. ಹೊಸ ರೂಟರ್ ಗಾಜಿನ ಬಾಗಿಲ ಹಿಂದೆ ಕೂತ ಮೇಲೆ ಸುಧೀಂದ್ರ ಬಂದು ತಂದೆಯ ಅಂಗೈಗೆ ಗುಂಡಿ ಇಟ್ಟ. “ಒತ್ತಿ ನೋಡ್ರಿ, ಅಪ್ಪಾ.” ಮಾಸ್ತರರು ಬೆರಳು ಬಿಡಿಸಿದರು. ಗುಂಡಿ ನೆಲಕ್ಕೆ ಬಿತ್ತು. ಅವನು ಎತ್ತಿ ಮತ್ತೆ ಇಟ್ಟ. ಮತ್ತೆ ಬಿಟ್ಟರು. ಮತ್ತೊಮ್ಮೆ ಇಟ್ಟಾಗ ಅವರು ಅದನ್ನು ಎಸೆದರು. ಬಲ ಹೋದ ಮನುಷ್ಯನ ಎಡಗೈಯಲ್ಲಿ ಅಷ್ಟು ಕಸುವಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಗುಂಡಿ ಹೋಗಿ ಓಣಿಯ ಗೋಡೆಗೆ ಬಡಿಯಿತು.

“ಇವರಿಗೆ ತಲಿ ನೆಟ್ಟಗಿಲ್ಲ,” ಅಂದರು ಅಂಬಾಬಾಯಿ. ಕಣ್ಣಲ್ಲಿ ನೀರಿತ್ತು.

“ತಲಿ ನೆಟ್ಟಗ ಅದ,” ಅಂದಳು ಪದ್ಮಜಾ. ಗಂಡನ ಕಡೆ ತಿರುಗಿದಳು. “ಪೆಟಗಿ ಹೊರಗ ತಂದಿಡ್ರಿ, ಗುಂಡಿ ಹಿಡೀತಾರ. ಅವರು ಕೇಳೂದು ಅಷ್ಟ.”

“ಅವ್ವ ಒಪ್ಪಂಗಿಲ್ಲ.”

“ನಾ ನಿಮ್ಮನ್ನ ಕೇಳಲಿಕ್ಕತ್ತೀನಿ.”

ಸುಧೀಂದ್ರ ಫೋನ್ ತೆಗೆದು ಏನೋ ನೋಡತೊಡಗಿದ. ಮರುದಿನ ಟೂರಿಗೆ ಹೋದ.

ಗುಂಡಿಯನ್ನು ಯಾರೋ ಎತ್ತಿ ಕಿಟಕಿಯ ಮೇಲಿಟ್ಟರು. ಅದು ಈಗಲೂ ಅಲ್ಲೇ ಇದೆ. ಮಾಸ್ತರರು ಬೇರೆ ದಾರಿ ಕಂಡುಕೊಂಡರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಖಾಲಿ ಸ್ಟೀಲ್ ಲೋಟ ಇರುತ್ತದೆ. ಬೇಕಾದಾಗ ಅದನ್ನು ಎಡಗೈಯಲ್ಲಿ ಹಿಡಿದು ಕಬ್ಬಿಣದ ಮಂಚಕ್ಕೆ ಬಡಿಯುತ್ತಾರೆ. ಅಬ್ಬಾ, ಆ ಸದ್ದು. ಹಾಲಿಗೆ ಕೇಳುತ್ತದೆ, ಅಡುಗೆ ಮನೆಗೆ ಕೇಳುತ್ತದೆ, ಬಾಜೂ ಮನೆಗೂ ಕೇಳುತ್ತದೆ. ಕರೆಂಟು ಹೋದರೂ ಕೇಳುತ್ತದೆ. ಗಾಜಿನ ಹಿಂದೆ ಹೊಸ ರೂಟರ್ ಹಸಿರು ದೀಪ ಹಚ್ಚಿಕೊಂಡು ಕೂತಿದೆ, ಅದಕ್ಕೆ ಮಾತ್ರ ಕೇಳುವುದಿಲ್ಲ. ಪಾಪ, ಅದರ ತಪ್ಪಲ್ಲ.

ಮರುತಿಂಗಳು ಪದ್ಮಜಾ ಮತ್ತೆ ಹಿತ್ತಲ ಕೋಣೆಗೆ ಬಂದಳು. ಚಾಪೆ ಹಾಸಿದಳು. ಬೆಳಗಿನ ಪೂಜೆಯ ಹೊತ್ತು. ದೇವರ ಮನೆಯಲ್ಲಿ ಅಂಬಾಬಾಯಿ ಆರತಿ ಎತ್ತಿದ್ದರು, ಕೈಗಂಟೆ ಕೇಳುತ್ತಿತ್ತು. ಆಗ ಲೋಟದ ಸದ್ದು ಶುರುವಾಯಿತು. ಕೈಗಂಟೆ ನಿಂತಿತು. “ಬಂದೆ, ಬಂದೆ” ಎನ್ನುತ್ತ ಅಂಬಾಬಾಯಿ ಗಂಡನ ಕೋಣೆಗೆ ಹೋದದ್ದು ನನಗೆ ಕಂಡಿತು. ಮಾಸ್ತರರು ಬಡಿಯುವುದನ್ನು ನಿಲ್ಲಿಸಲಿಲ್ಲ. ನೀರು ಕೊಟ್ಟರು, ಬೇಡ. ದಿಂಬು ಸರಿಮಾಡಲು ಬಗ್ಗಿದರು, ತಲೆ ಅಲ್ಲಾಡಿಸಿದರು. ಹೆಂಡತಿಯನ್ನು ದಾಟಿ ಕಿಟಕಿಯ ಕಡೆ, ನಮ್ಮ ಕೋಣೆಯ ಕಡೆ ನೋಡುತ್ತ ಬಡಿಯುತ್ತಲೇ ಇದ್ದರು. ಸಿಟ್ಟಿನ ಸದ್ದು ಅದು. ಅದರ ಗುರುತು ನನಗೆ ಚೆನ್ನಾಗಿ ಇದೆ.

ಅಂಬಾಬಾಯಿ ಆರತಿಯ ತಟ್ಟೆ ಕೈಯಲ್ಲಿ ಹಿಡಿದೇ ಇದ್ದರು. ಅದನ್ನು ಅಲ್ಲೇ ಸ್ಟೂಲಿನ ಮೇಲಿಟ್ಟರು. ಓಣಿ ದಾಟಿ ಹಿತ್ತಲ ಕೋಣೆಯ ಬಾಗಿಲಿಗೆ ಬಂದರು. ಆ ದಿನಗಳಲ್ಲಿ ಅವರು ಆ ಬಾಗಿಲಿಗೆ ಅಷ್ಟು ಹತ್ತಿರ ಬಂದದ್ದನ್ನು ನಾನು ನೋಡಿರಲಿಲ್ಲ. ಸೊಸೆಯ ಮುಖ ನೋಡಲಿಲ್ಲ, ಗೋಡೆ ನೋಡುತ್ತ ಹೇಳಿದರು:

“ಹೋಗು. ನಿನ್ನ ಕರೀಲಿಕ್ಕತ್ತಾರ.”

ಪದ್ಮಜಾ ಎದ್ದಳು. ಹಿತ್ತಲು ಸುತ್ತಿ ಹೋಗಲಿಲ್ಲ. ಅಡುಗೆ ಮನೆಯೊಳಗಿಂದ, ದೇವರ ಮನೆಯ ಮುಂದಿನಿಂದ ನೆಟ್ಟಗೆ ನಡೆದು ಹೋದಳು. ಲೋಟದ ಸದ್ದು ನಿಂತಿತು. ಅಂಬಾಬಾಯಿ ನನ್ನ ಬಾಗಿಲಲ್ಲೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಹೋಗಿ ಪೂಜೆ ಮುಂದುವರಿಸಿದರು. ಅವಳು ನಡೆದ ನೆಲದ ಮೇಲೆ ಆ ದಿನ ಯಾರೂ ನೀರು ಸುರಿಯಲಿಲ್ಲ.